ಒಂಬತ್ತನೆಯ ಬಾಗಿಲು

ಯಾರ ಮನೆಗೆ ಹೋದರೂ ನನಗೊಂದು ಕೆಟ್ಟ ಚಾಳಿ. ಕುರ್ಚಿಯಲ್ಲಿ ಕೂರುವ ಮೊದಲು ಕತ್ತು ಚಾಚಿ ಹಿಂದಿನ ಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ಮನೆಯೊಡತಿಯರು ಇದನ್ನು ಬಗೆಬಗೆಯಾಗಿ ಅರ್ಥ ಮಾಡಿಕೊಂಡಿದ್ದಾರೆ. ಕೆಲವರು ಬಚ್ಚಲ ದಾರಿ ತೋರಿಸುತ್ತಾರೆ. ಇನ್ನು ಕೆಲವರು, ಪಾಪ, ಅಡುಗೆಮನೆಯಲ್ಲಿ ಏನು ಬೇಯುತ್ತಿದೆ ಎಂದು ಇಣುಕುತ್ತಿದ್ದಾನೆಂದು ತಿಳಿದು ಉಪ್ಪಿಟ್ಟಿಗೆ ರವೆ ಹುರಿಯಲು ಏಳುತ್ತಾರೆ. ಉಪ್ಪಿಟ್ಟು ಬಂದಾಗ ನಾನು ಬೇಡವೆನ್ನುವವನಲ್ಲವಾದ್ದರಿಂದ ಅವರ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ. ನನ್ನ ಹೆಂಡತಿಯಂತೂ, ‘ನಿಮ್ಮ ಜೊತೆ ನೆಂಟರ ಮನೆಗೆ ಹೋದರೆ ಮನೆ ಕೊಡಿಸುವ ದಲ್ಲಾಳಿ ಜೊತೆ ಹೋದ ಹಾಗಿರುತ್ತೆ’ ಎನ್ನುತ್ತಾಳೆ.

ಈ ಚಾಳಿ ಹುಟ್ಟಿದ್ದು ಮಧುಗಿರಿಯಲ್ಲಿ, ಎಪ್ಪತ್ತರ ದಶಕದ ನಡುವಿನಲ್ಲಿ. ಅಲ್ಲಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟರಾಗಿದ್ದೆ, ವಾಸ ಒಂದು ಪೋರ್ಷನ್ನಿನಲ್ಲಿ. ನಮ್ಮ ಕಡೆ ಇಡೀ ಮನೆಯಲ್ಲಿರುವವರು ಮನೆಯಲ್ಲಿರುತ್ತಾರೆ, ಮನೆಯ ಚೂರಿನಲ್ಲಿರುವವರು ಪೋರ್ಷನ್ನಿನಲ್ಲಿರುತ್ತಾರೆ. ಮೇಷ್ಟರಿಗೆ ಶಾಲೆಯಲ್ಲಿ ಬೇರೆಯೇ ಒಂದು ಪೋರ್ಷನ್ ಇರುತ್ತದೆ. ಅದು ಪರೀಕ್ಷೆ ಬಂದರೂ ಮುಗಿಯುವುದಿಲ್ಲ. ನನ್ನ ವಾಸದ ಪೋರ್ಷನ್ ಮಾತ್ರ ಒಳಗೆ ಕಾಲಿಟ್ಟ ಕೂಡಲೇ ಮುಗಿದುಹೋಗುತ್ತಿತ್ತು.

ಅದು ಮೊದಲು ಕಡಲೆಕಾಯಿ ಮಂಡಿಯಾಗಿದ್ದ ಕಟ್ಟಡ. ಪಾವಗಡದ ಕಡೆಯಿಂದ ಬಂದ ಮೂಟೆಗಳನ್ನು ಸೂರಿನವರೆಗೆ ಒಟ್ಟಲು ಕಟ್ಟಿದ್ದು. ಯಜಮಾನರು ತೀರಿಕೊಂಡ ಮೇಲೆ ಅವರ ಹೆಂಡತಿ ಸಣ್ಣಮ್ಮನವರು ವ್ಯಾಪಾರ ನಿಲ್ಲಿಸಿ, ಮಂಡಿಗೆ ಅಡ್ಡಗೋಡೆ ಎಬ್ಬಿಸಿ, ಮೂರು ಪೋರ್ಷನ್ ಮಾಡಿದ್ದರು. ಮೂಟೆಗಳ ಜಾಗಕ್ಕೆ ಮನುಷ್ಯರು ಬಂದೆವು. ಗೋಡೆ ಅಂದರೆ ಏನು? ಬಿದಿರ ತಟ್ಟಿಗೆ ಗೋಣಿ ಹೊದಿಸಿ, ಮಣ್ಣು ಮೆತ್ತಿ, ಸುಣ್ಣ ಬಳಿದದ್ದು. ಅದು ಸೂರಿನ ತನಕ ಹೋಗುತ್ತಲೂ ಇರಲಿಲ್ಲ. ಒಗ್ಗರಣೆಯ ಘಾಟು ಒಂದು ಪೋರ್ಷನ್ನಿನಲ್ಲಿ ಎದ್ದರೆ ಸೀನು ಇನ್ನೊಂದರಲ್ಲಿ. ನಾನೂ ನನ್ನ ಹೆಂಡತಿಯೂ ಜಗಳವಾಡಿದರೆ ಗೋಡೆಯಾಚೆಯಿಂದ ಸಣ್ಣಮ್ಮನವರು ತೀರ್ಪು ಕೊಡುತ್ತಿದ್ದರು, ಬಹುಮಟ್ಟಿಗೆ ನನ್ನ ವಿರುದ್ಧ.

ಮೂರನೆಯ ಪೋರ್ಷನ್ನಿಗೆ ಬಂದವರು ನರಸಿಂಹಪ್ಪ ಮತ್ತು ಅವನ ಹೊಸ ಹೆಂಡತಿ ಅಂಜಿನಮ್ಮ. ಅವನು ಹೊಳವನಹಳ್ಳಿಯವನು, ಪಾವಗಡದ ಬಸ್ಸಿಗೆ ಕಂಡಕ್ಟರ್. ಅವಳು ವೈ.ಎನ್. ಹೊಸಕೋಟೆಯವಳು. ಅವಳ ಬಾಯಲ್ಲಿ ಕನ್ನಡವೂ ತೆಲುಗೂ ಒಂದೇ ತಟ್ಟೆಯಲ್ಲಿ ಕಲಸಿದ ಅನ್ನದಂತೆ ಬರುತ್ತಿದ್ದವು. ಮಕ್ಕಳಿಲ್ಲದ ಸಣ್ಣಮ್ಮನವರಿಗೆ ಈ ಹುಡುಗಿಯ ಮೇಲೆ ಎಂಥ ಅಕ್ಕರೆ ಹುಟ್ಟಿತೆಂದರೆ, ಅವಳ ತಲೆ ಬಾಚುವುದಕ್ಕೆಂದೇ ಮಧ್ಯಾಹ್ನದ ನಿದ್ದೆ ಬಿಟ್ಟರು. ಬರಗೂರಿನ ತವರಿನಿಂದ ಬಂದ ಕರಿ ಕಂಬಳಿಯೊಂದು ಬೇಸಿಗೆಯಲ್ಲೂ ಅವರ ಹೆಗಲಿನಿಂದ ಇಳಿಯುತ್ತಿರಲಿಲ್ಲ. ಅದನ್ನು ಅವರು ಜಗಲಿಯ ಮೇಲೆ ಹಾಸಿ ಕೂರಿಸಿದ್ದು ಅಂಜಿನಮ್ಮನನ್ನು ಮಾತ್ರ.

ಈಗ ಒಂದು ಮಾತಿನ ವಿಷಯ ಹೇಳಬೇಕು. ದೀಪ ಆರಿಸು ಎಂದು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆರುವುದು ಅಪಶಕುನ. ಅದಕ್ಕೆ ‘ದೀಪ ದೊಡ್ಡದು ಮಾಡು’ ಅನ್ನುತ್ತೇವೆ. ಬಳೆ ಒಡೆದರೆ ಹೆಚ್ಚಿತು ಅನ್ನುತ್ತೇವೆ. ಡಬ್ಬಿಯಲ್ಲಿ ಕುಂಕುಮ ಖಾಲಿಯಾದರೆ ಅದೂ ಹೆಚ್ಚಿತು. ರಾತ್ರಿ ಹೊತ್ತು ಹಾವು ಹುಳುವಾಗುತ್ತದೆ. ಮನೆ ಬಿಟ್ಟು ಹೊರಡುವವನು ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಬೆಂಕಿಗೆ ಉರಿ, ಕಿಚ್ಚು, ಕೆಂಡ, ಕೊಳ್ಳಿ ಎಂದು ಇಷ್ಟೆಲ್ಲ ಹೆಸರಿಟ್ಟ ಭಾಷೆ, ಅದನ್ನು ನಂದಿಸುವ ಮಾತು ಬಂದಾಗ ಮಾತ್ರ ನಾಚಿಕೊಂಡು ಸೆರಗಿನ ಹಿಂದೆ ಸೇರಿಕೊಳ್ಳುತ್ತದೆ. ಕೆಟ್ಟದ್ದು ನಮ್ಮ ಮನೆಗೆ ಬರದಂತೆ ತಡೆಯುವ ನಮ್ಮ ಉಪಾಯ ಇಷ್ಟೇ, ಅದರ ಹೆಸರು ಹಿಡಿದು ಕರೆಯದಿರುವುದು. ಸಣ್ಣಮ್ಮನವರು ಈ ನಿಯಮವನ್ನು ದೀಪಕ್ಕಷ್ಟೇ ಅಲ್ಲ, ಲಾಂದ್ರ, ಸ್ಟೌ, ನನ್ನ ಬೀಡಿಗೂ ಅನ್ವಯಿಸುತ್ತಿದ್ದರು. ‘ಮೇಷ್ಟ್ರೇ, ಅದ್ನ ದೊಡ್ಡದು ಮಾಡಿ ಒಳಕ್ಕೆ ಬನ್ನಿ’ ಎಂದರೆ ಬೀಡಿ ಬಿಸಾಡಬೇಕು ಎಂದರ್ಥ.

ಅಂಜಿನಮ್ಮ ಬಂದ ಹೊಸತರಲ್ಲಿ ಒಂದು ಸಂಜೆ ಕರೆಂಟ್ ಬಂತು. ‘ಲಾಂದ್ರ ದೊಡ್ಡದು ಮಾಡಮ್ಮ’ ಎಂದರು ಸಣ್ಣಮ್ಮನವರು. ಹುಡುಗಿ ವಿನಯದಿಂದ ಹೋಗಿ ಬತ್ತಿ ಏರಿಸಿದಳು. ‘ಇನ್ನೂ ದೊಡ್ಡದು ಮಾಡೇ!’ ಎಂದರು. ಇನ್ನೂ ಏರಿಸಿದಳು. ಗಾಜು ಮಸಿ ಹಿಡಿದು ಕಪ್ಪಾದಾಗ ಇಡೀ ವಠಾರ ಬಿದ್ದು ಬಿದ್ದು ನಕ್ಕಿತು. ಅವಳ ಊರ ಕಡೆ ದೀಪ ಆರಿದರೆ ‘ಕೊಂಡೆಕ್ಕಿಂದಿ’ ಅನ್ನುತ್ತಾರಂತೆ, ಅಂದರೆ ಬೆಟ್ಟ ಹತ್ತಿತು ಎಂದು. ‘ನಿಮ್ಮೂರಲ್ಲಿ ಇಷ್ಟು ದೊಡ್ಡ ಬೆಟ್ಟ ಇಟ್ಕೊಂಡು ದೀಪಾನ ಹತ್ತಿಸಲ್ವಾ ಅವ್ವಾ?’ ಎಂದು ಅವಳು ಕೇಳಿದಳು. ‘ಆ ಬೆಟ್ಟ ಹತ್ತಾಕೆ ಮನುಸ್ರಿಗೇ ಆಗಾಕಿಲ್ಲ, ದೀಪ ಹೆಂಗೆ ಹತ್ತೀತು ಕಣಮ್ಮ’ ಎಂದರು ಸಣ್ಣಮ್ಮನವರು. ಅಂದಿನಿಂದ ಅದು ಅವರಿಬ್ಬರ ಆಟವಾಯಿತು. ದಿನಾ ದೀಪದ ಹೊತ್ತಿಗೆ ಒಬ್ಬರು ದೊಡ್ಡದು ಮಾಡುವುದು, ಇನ್ನೊಬ್ಬರು ಬೆಟ್ಟ ಹತ್ತಿಸುವುದು. ಆ ನಗು ಗೋಡೆಯ ಮೇಲಿನಿಂದ ನಮ್ಮ ಪೋರ್ಷನ್ನಿಗೂ ಬರುತ್ತಿತ್ತು, ಬಾಡಿಗೆ ಇಲ್ಲದೆ.

ಆ ವಠಾರದಲ್ಲಿ ಹೆಂಗಸರಿಗೆ ಸ್ನಾನ ಅಂದರೆ ಹಿತ್ತಿಲಲ್ಲಿ ಸೀರೆ ಮರೆ ಕಟ್ಟಿಕೊಂಡು ಮಾಡುವುದು. ಹೊಸ ಹುಡುಗಿಗೆ ಸಂಕೋಚ. ಬಾಯಿಬಿಟ್ಟು ಹೇಳಲಿಲ್ಲ, ಕತ್ತಲಿರುವಾಗಲೇ ಎದ್ದು ಸ್ನಾನ ಮುಗಿಸುತ್ತಿದ್ದಳು. ಅದನ್ನು ನೋಡಿದ ಸಣ್ಣಮ್ಮನವರು ಅವಳ ಪೋರ್ಷನ್ನಿಗೆ ಒಳಗೇ ಒಂದು ಬಚ್ಚಲು ಕಟ್ಟಿಸಲು ಹೊರಟರು. ನಾನು, ವಿದ್ಯಾವಂತ ತಾನೇ, ‘ಪುರಸಭೆಗೆ ತಿಳಿಸಬೇಕು’ ಎಂದೆ. ಓವರ್‌ಸಿಯರು ನೋಡಲು ಬಂದರು. ಸಿರಾ ಕಡೆಯ ಸಾಹೇಬರು, ಮೆತ್ತನೆಯ ಮಾತು. ಅಡುಗೆಯ ಜಾಗ ಮುಂದಿನ ಬಾಗಿಲ ಪಕ್ಕದಲ್ಲೇ ಇರುವುದನ್ನು ನೋಡಿದರು, ಗೋಣಿಯ ಗೋಡೆಯನ್ನು ಬೆರಳಲ್ಲಿ ತಟ್ಟಿದರು, ಹಿಂದಿನ ಓಣಿಗೆ ಮೂಟೆ ಸಾಗಿಸಲು ಇಟ್ಟಿದ್ದ ಹಳೆಯ ಬಾಗಿಲನ್ನು ತೆರೆದು ಮುಚ್ಚಿ ನೋಡಿದರು.

‘ಬಚ್ಚಲು ಕಟ್ಕೊಳ್ಳಿ ಅಮ್ಮಾ, ಪರವಾ ಇಲ್ಲ. ಈ ಹಿಂದಿನ ದರ್ವಾಜ ಮಾತ್ರ ಬಂದ್ ಮಾಡಬೇಡಿ. ಮೂಟೆ ಇಡೋಕೆ ಒಂದು ಕಾಯಿದೆ, ಜನ ಇರೋಕೆ ಒಂದು ಕಾಯಿದೆ. ನಾಳೆ ಬೆಂಕಿ ಗಿಂಕಿ ಬಿದ್ರೆ ಹುಡುಗಿ ಎಲ್ಲಿಂದ ಬರಬೇಕು?’

ಸಣ್ಣಮ್ಮನವರ ಮುಖ ಕಪ್ಪಿಟ್ಟಿತು. ‘ದೀಪ ಹಚ್ಚೋ ಹೊತ್ನಲ್ಲಿ ಎಂಥ ಮಾತಾಡ್ತೀರಿ! ಬುಡ್ತು ಅನ್ನಿ ಸಾಹೇಬ್ರೇ!’

ಸಾಹೇಬರು ಒಳ್ಳೆಯವರು. ‘ಬಿಡ್ತು’ ಎಂದರು. ಕಾಯಿದೆ ಅಲ್ಲಿಗೆ ರದ್ದಾಯಿತೋ ಏನೋ, ನನಗೆ ಈಗಲೂ ಅನುಮಾನವಿದೆ.

ಬಚ್ಚಲು ಎದ್ದಿತು, ಅದಕ್ಕೊಂದು ಬಾಗಿಲು ಕೂತಿತು. ಆಗ ಗಾರೆ ಕೆಲಸದ ಹನುಮಂತಣ್ಣ ಕೈಕಾಲು ತೊಳೆದುಕೊಂಡು ಜಗಲಿಯ ಮೇಲೆ ಕೂತು ಕಟ್ಟಡದ ಬಾಗಿಲುಗಳನ್ನೆಲ್ಲ ಲೆಕ್ಕ ಹಾಕಿದ. ಮೊದಲಿದ್ದವು ಎಂಟು. ಈಗ ಒಂಬತ್ತು.

‘ಒಂಬತ್ತು ಬೆಸ ಕಣಮ್ಮ. ಬೆಸ ಇರಬಾರದು.’

‘ಇನ್ನೊಂದು ಇಟ್ಬುಡು’ ಎಂದರು ಸಣ್ಣಮ್ಮನವರು.

‘ಹತ್ತಾಗುತ್ತೆ. ಸೊನ್ನೆ ಬರುತ್ತೆ. ಸೊನ್ನೆ ಬಂದ ಮನೆ ಸೊನ್ನೆನೇ ಆಗ್ತದೆ.’

ನೀವು ಮನೆ ಕಟ್ಟಿಸಿದವರಾದರೆ ಈ ಲೆಕ್ಕ ನಿಮಗೆ ಗೊತ್ತು. ಬಾಗಿಲು ಸಮಸಂಖ್ಯೆಯಲ್ಲಿರಬೇಕು, ಆದರೆ ಕೊನೆಗೆ ಸೊನ್ನೆ ಬರಬಾರದು. ಒಂಬತ್ತರಲ್ಲಿ ನಿಲ್ಲುವಂತಿಲ್ಲ, ಹತ್ತಕ್ಕೆ ಏರುವಂತಿಲ್ಲ. ಉಳಿದದ್ದು ಎಂಟಕ್ಕೆ ಇಳಿಯುವ ದಾರಿ ಒಂದೇ. ಯಾವ ಬಾಗಿಲು ಮುಚ್ಚುವುದು? ಬಚ್ಚಲು ಒಳಗೇ ಬಂದ ಮೇಲೆ ಯಾರೂ ಹೆಚ್ಚು ಓಡಾಡದ, ಓಣಿಗೆ ತೆರೆಯುವ ಅದೇ ಹಿಂದಿನ ಬಾಗಿಲು. ಓವರ್‌ಸಿಯರ್ ಹೇಳಿದ್ದನ್ನು ನಾನು ನೆನಪಿಸಿದೆ. ‘ಸಾಹೇಬ್ರು ಈ ಮನೇಲಿ ಬಾಳ್ತಾರಾ ಮೇಷ್ಟ್ರೇ? ಬಾಳಬೇಕಾದ್ದು ಈ ಹುಡುಗಿ. ಅವಳಿಗೆ ಒಳ್ಳೇದಾಗಬೇಕಾ ಬ್ಯಾಡ್ವಾ?’ ಎಂದು ಕೇಳಿದರು ಸಣ್ಣಮ್ಮನವರು. ಆ ಪ್ರಶ್ನೆಗೆ ಬೇಡ ಎಂದು ಹೇಳುವ ಧೈರ್ಯ ವಿಜ್ಞಾನದ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ. ಹನುಮಂತಣ್ಣ ಇಟ್ಟಿಗೆ ಜೋಡಿಸಿದ, ಮೆತ್ತಿದ, ಸುಣ್ಣ ಬಳಿದ. ನನ್ನ ತರಗತಿಯಲ್ಲಿ ಆ ವಾರ ನಡೆಯುತ್ತಿದ್ದ ಪಾಠ ದಹನಕ್ರಿಯೆ. ಬೆಂಕಿಗೆ ಏನೇನು ಬೇಕು ಎಂದು ಮಕ್ಕಳಿಗೆ ಹೇಳಿಕೊಟ್ಟೆ. ಬೆಂಕಿಯಿಂದ ಓಡಲು ಏನು ಬೇಕು ಎಂಬುದು ಆ ಪೋರ್ಷನ್ನಿನಲ್ಲಿ ಇರಲಿಲ್ಲ.

ಬಚ್ಚಲಿನಲ್ಲಿ ಅಂಜಿನಮ್ಮ ಹಾಡಿಕೊಂಡು ಸ್ನಾನ ಮಾಡಿದ ದಿನಗಳು ಬಹಳವೇನಿಲ್ಲ.

ಅದೊಂದು ಸಂಜೆ. ಕರೆಂಟ್ ಹೋಗಿತ್ತು. ನರಸಿಂಹಪ್ಪ ಬಸ್ಸಿನ ಮೇಲೆ ಹೋಗಿದ್ದ. ಸಣ್ಣಮ್ಮನವರು ಮೂರನೆಯ ಪೋರ್ಷನ್ನಿನ ಮುಂದೆ ಅವರೆಕಾಯಿ ಬಿಡಿಸುತ್ತ ಕೂತಿದ್ದರು, ಒಳಗೆ ಹುಡುಗಿ ಬತ್ತಿ ಸ್ಟೌ ಮೇಲೆ ಸಾರು ಇಟ್ಟಿದ್ದಳು. ಸ್ಟೌ ಯಾಕೋ ಒಂದೇ ಕಡೆ ಉರಿಯತೊಡಗಿತು, ಹೊಗೆ ಎದ್ದಿತು, ಸೀಮೆಎಣ್ಣೆಯ ವಾಸನೆ ನನ್ನ ಮೂಗಿಗೂ ಬಡಿಯಿತು. ಸಣ್ಣಮ್ಮನವರು ಗಾಬರಿಯಿಂದ ಕೂಗಿದರು. ‘ಸ್ಟೌ ದೊಡ್ಡದು ಮಾಡೇ!’

ಅವಳಿಗೆ ಆ ಮಾತು ಗೊತ್ತಿರಲಿಲ್ಲವೇ? ದಿನಾ ಅದರ ಮೇಲೆ ನಕ್ಕವಳು ಅವಳು. ಆದರೆ ಗಾಬರಿಯಾದಾಗ ಮನುಷ್ಯ ಕಲಿತ ಮಾತನ್ನು ಬಿಟ್ಟು ತವರಿನ ಮಾತಿಗೆ ಓಡುತ್ತಾನೆ. ಅವಳ ತವರಿನಲ್ಲಿ ದೊಡ್ಡದು ಅಂದರೆ ದೊಡ್ಡದೇ. ಬತ್ತಿ ಏರಿಸಿದಳು. ಉರಿ ಪಾತ್ರೆ ಮೀರಿ ಎದ್ದು, ಗೋಣಿಯ ಗೋಡೆ ಮಣ್ಣುದುರಿದ ಕಡೆ ಹಿಡಿದುಕೊಂಡಿತು. ಸಣ್ಣಮ್ಮನವರೂ ತಮ್ಮ ತವರಿನ ಮಾತಿಗೇ ಓಡಿದರು. ‘ಅಯ್ಯೋ ದೊಡ್ಡದು ಮಾಡೇ, ದೊಡ್ಡದು ಮಾಡೇ ನನ್ನವ್ವ!’ ಉರಿ ಕಣ್ಣೆದುರಿಗಿತ್ತು. ಆಗಲೂ ಆ ಬಾಯಲ್ಲಿ ಆರಿಸು ಎಂಬ ಮಾತು ಬರಲಿಲ್ಲ. ಹೊಸದಾಗಿ ಮದುವೆಯಾದ ಹುಡುಗಿಗೆ ದೀಪದ ಹೊತ್ತಿನಲ್ಲಿ ಅಂಥ ಮಾತು ಆಡಬಾರದಲ್ಲ.

ನಾನು ಓಡಿಬಂದು ‘ನೀರು ಹಾಕಬೇಡಿ, ಮರಳು, ಮರಳು!’ ಎಂದು ಪಾಠ ಒಪ್ಪಿಸುತ್ತಿದ್ದೆ. ಮರಳು ಎಲ್ಲಿಯೂ ಇರಲಿಲ್ಲ. ಮುಂದಿನ ಬಾಗಿಲಿಗೂ ಹುಡುಗಿಗೂ ನಡುವೆ ಉರಿ. ಅವಳು ತಿರುಗಿ ಹಿಂದಕ್ಕೆ ಓಡಿದಳು, ಬಾಗಿಲಿದ್ದ ಜಾಗಕ್ಕೆ. ಅಭ್ಯಾಸದ ಕಾಲು ಇಟ್ಟಿಗೆಯ ಸುದ್ದಿ ಕೇಳಿರಲಿಲ್ಲ. ಗೋಡೆಯನ್ನು ಬಡಿಯುವ ಸದ್ದು ಹೊರಗೆ ನಮಗೆಲ್ಲ ಕೇಳಿಸಿತು. ಜಿಲ್ಲಾ ಕೇಂದ್ರದಿಂದ ಕೆಂಪು ಗಾಡಿ ಬರುವುದನ್ನು ಕಾಯುವ ಹಾಗಿರಲಿಲ್ಲ. ಸಣ್ಣಮ್ಮನವರು ಹೆಗಲ ಕಂಬಳಿಯನ್ನು ಸ್ಟೌ ಮೇಲೆ ಎಸೆದು, ಅದರ ಮೇಲೆಯೇ ಕಾಲಿಟ್ಟು ಒಳಗೆ ನುಗ್ಗಿ, ಅವಳನ್ನು ಎಳೆದು ತಂದರು. ಯೋಚಿಸಿ ಮಾಡಿದ್ದಲ್ಲ, ಕೈಗೆ ಸಿಕ್ಕಿದ್ದು ಅದೊಂದೇ. ಆಮೇಲೆ ಊರಿನವರು ಕೊಡಗಟ್ಟಲೆ ನೀರು ಹೊತ್ತು ತಂದು ಗೋಡೆಯ ಉರಿ ಆರಿಸಿದರು. ನೋಡಿ, ನಾನೂ ಆರಿಸಿದರು ಎಂದು ಬರೆಯುವುದು ಕಲಿತಿದ್ದೇನೆ.

ಜೀವ ಉಳಿಯಿತು. ಬಲಗೈ ಮೊಣಕೈಯವರೆಗೆ ಸುಟ್ಟಿತ್ತು. ಮಾರನೆಯ ದಿನ ಓವರ್‌ಸಿಯರ್ ಸಾಹೇಬರು ಬಂದರು. ಹೊಸ ಸುಣ್ಣದ ಗೋಡೆಯ ಮೇಲೆ, ಬಾಗಿಲಿದ್ದ ಜಾಗದಲ್ಲಿ, ಮಸಿ ಹಿಡಿದ ಅಂಗೈಗಳ ಗುರುತು ಒಂದರ ಮೇಲೊಂದು ಬಿದ್ದಿತ್ತು. ಅದನ್ನು ನೋಡಿದರು, ಸಣ್ಣಮ್ಮನವರನ್ನು ನೋಡಿದರು, ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು. ಹೇಳಿದ್ದೆನಲ್ಲ ಎಂದು ಅವರು ಒಂದು ಮಾತು ಅಂದಿದ್ದರೆ ಸಣ್ಣಮ್ಮನವರಿಗೆ ಅಳುವುದಕ್ಕಾದರೂ ಅನುಕೂಲವಾಗುತ್ತಿತ್ತು ಎಂದು ನನಗೆ ಅನ್ನಿಸಿದೆ.

ಆಸ್ಪತ್ರೆಯಿಂದ ಬಿಟ್ಟ ದಿನ ಅಂಜಿನಮ್ಮನ ತಂದೆ ಬಂದರು. ಮಗಳ ಪೆಟ್ಟಿಗೆ ಎತ್ತಿಕೊಂಡು, ಸಣ್ಣಮ್ಮನವರ ಮುಖ ನೋಡದೆ, ‘ಪೋತಾಮಮ್ಮಾ’ ಎಂದರು. ಹೋಗುತ್ತೇವೆ, ಅಷ್ಟೇ. ತೆಲುಗಿನಲ್ಲೂ ಹೊರಟವರು ಬರುತ್ತೇವೆ ಎಂದೇ ಹೇಳುವುದು ವಾಡಿಕೆ. ಆ ಮನುಷ್ಯ ಬೇಕೆಂದೇ ಬರಿಯ ಮಾತು ಆಡಿದರು. ಅಂಜಿನಮ್ಮ ತಲೆ ಬಗ್ಗಿಸಿ ಅವರ ಹಿಂದೆ ನಡೆದಳು. ಅವಳೂ ಬರ್ತೀನಿ ಅನ್ನಲಿಲ್ಲ. ಸಣ್ಣಮ್ಮನವರು ಬಾಚಣಿಗೆ ಹಿಡಿದುಕೊಂಡು ಜಗಲಿಯ ಮೇಲೆ ನಿಂತಿದ್ದರು. ನರಸಿಂಹಪ್ಪನೂ ಸ್ವಲ್ಪ ದಿನದಲ್ಲೇ ಸಾಮಾನು ಕಟ್ಟಿಕೊಂಡು ಅತ್ತ ಕಡೆಗೇ ಹೋದ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕೋಟೆಯಿರುವ ಊರಿನವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ನಮ್ಮ ಸಣ್ಣಮ್ಮನವರು ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ತೆಗೆಸಿದರು. ಹನುಮಂತಣ್ಣನೇ ಬಂದು ಇಟ್ಟಿಗೆ ಕಿತ್ತ. ‘ಒಂಬತ್ತಾಗುತ್ತಲ್ಲಮ್ಮ’ ಎಂದು ಮೆಲ್ಲಗೆ ಗೊಣಗಿದ. ‘ಒಂಬತ್ತೇ ಇರ್ಲಿ. ಬೆಸ ಆದ್ರೆ ಇನ್ನೇನಾಗ್ತದೆ ನಂಗೆ?’ ಎಂದರು. ಆ ಪೋರ್ಷನ್ನನ್ನು ಮತ್ತೆ ಯಾರಿಗೂ ಕೊಡಲಿಲ್ಲ, ಆ ಬಾಗಿಲಿಗೆ ಹಗಲು ಹೊತ್ತು ಅಗಣಿ ಹಾಕಲಿಲ್ಲ. ಅದರಿಂದ ಪಕ್ಕದ ಬೀದಿಯ ಮೇಕೆಗಳು ಬಂದವು, ಒಂದು ಕೋಳಿ ಬಂದು ಕಾವಿಗೆ ಕೂತಿತು. ‘ಬೆಂಕಿ ಬಿದ್ದರೆ ಓಡಿಹೋಗೋಕೆ ಒಳ್ಳೆಯದು’ ಎಂದು ನಾನು ಸಮಾಧಾನ ಹೇಳಿದೆ. ‘ಓಡೋಗಾಕಲ್ಲ ಮೇಷ್ಟ್ರೇ. ಅವಳು ಈ ಕಡೆಯಿಂದ ಬಾಗ್ಲು ಬಡಿದ್ಲು. ಇನ್ನೊಂದ್ಸಲ ಬಂದ್ರೆ ತೆಗ್ದಿರಬೇಕು’ ಎಂದರು.

ಇನ್ನೊಂದು ಬದಲಾವಣೆಯನ್ನು ವಠಾರದವರು ಗಮನಿಸಿದರು. ಸಣ್ಣಮ್ಮನವರು ದೊಡ್ಡದು ಮಾಡು ಅನ್ನುವುದನ್ನೇ ಬಿಟ್ಟರು. ಆರಿಸು ಅನ್ನಲು ಆಗಲೂ ನಾಲಿಗೆ ಹೊರಳುತ್ತಿರಲಿಲ್ಲ. ‘ದೀಪ ಬೆಟ್ಟ ಹತ್ಸು’ ಅನ್ನತೊಡಗಿದರು. ಹೊಸದಾಗಿ ಬಂದವರು ಅರ್ಥವಾಗದೆ ಊರ ಮೇಲಿನ ಆ ದೊಡ್ಡ ಬಂಡೆಯ ಬೆಟ್ಟದ ಕಡೆ ನೋಡಿ, ನನ್ನ ಕಡೆ ನೋಡುತ್ತಿದ್ದರು. ಯಾರೂ ನಗುತ್ತಿರಲಿಲ್ಲ.

ಹೊಸಕೋಟೆಗೆ ಹೋಗಿ ಅವಳನ್ನು ನೋಡಿ ಬನ್ನಿ ಎಂದು ನಾವೆಲ್ಲ ಹೇಳಿದೆವು. ನೇರ ಬಸ್ಸಿತ್ತು. ಒಮ್ಮೆ ಹೊಸ ಸೀರೆ ಉಟ್ಟು ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಬಸ್ ಹೊರಟ ಮೇಲೆ ವಾಪಸು ಬಂದರು. ‘ನಾನು ಹೋಗಿ ನಿಂತ್ರೆ ಆ ಮಗು ಕೈ ಮುಚ್ಕೋತದೆ’ ಎಂದರು. ನಾವು ಮತ್ತೆ ಒತ್ತಾಯಿಸಲಿಲ್ಲ.

ಎಂಬತ್ತರ ದಶಕ ಬಂತು, ನನಗೆ ವರ್ಗವಾಯಿತು. ಎಲ್ಲಿಗೆ ಅಂದುಕೊಂಡಿರಿ? ವೈ.ಎನ್. ಹೊಸಕೋಟೆಗೆ. ಅಂಜಿನಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನರಸಿಂಹಪ್ಪ ಇನ್ನೂ ಅದೇ ಬಸ್ಸಿಗೆ ಕಂಡಕ್ಟರಾಗಿದ್ದ, ಒಬ್ಬಳು ಮಗಳಿದ್ದಳು. ನಾನು ಒಳಗೆ ಹೋಗಿ, ಚಾಳಿಯಂತೆ, ಕತ್ತು ಚಾಚಿದೆ. ‘ಹಿಂದ್ಗಡೆ ಬಾಗ್ಲೈತೆ ಸಾರ್’ ಎಂದಳು ಅಂಜಿನಮ್ಮ, ನನ್ನನ್ನು ಸರಿಯಾಗಿ ಅರ್ಥ ಮಾಡಿಕೊಂಡ ಒಬ್ಬಳೇ ಮನೆಯೊಡತಿ. ಚಿಮಣಿ ದೀಪದ ಬೆಳಕಿನಲ್ಲಿ ಮಾತಾಡುತ್ತ ಕೂತೆವು. ಅವಳ ಬಲಗೈಯ ಎರಡು ಬೆರಳು ಬಾಗುತ್ತಿರಲಿಲ್ಲ. ಅದನ್ನು ಅವಳು ಮುಚ್ಚಿಕೊಳ್ಳಲೂ ಇಲ್ಲ. ಅಷ್ಟರಲ್ಲಿ ಕರೆಂಟ್ ಬಂತು. ಅವಳು ಮಗಳನ್ನು ಕೂಗಿ ಹೇಳಿದಳು, ‘ದೀಪ ದೊಡ್ಡದು ಮಾಡಮ್ಮಾ.’

ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಮಗು ಓಡಿ ಬಂದು ಉಫ್ ಎಂದು ದೀಪ ಊದಿ, ಮತ್ತೆ ಆಡಲು ಹೋಯಿತು.

‘ಈ ಕಡೆ ಯಾರೂ ಅಂಗನ್ನಲ್ಲ ಸಾರ್, ನಮ್ಮನೇಲಿ ಮಾತ್ರ’ ಎಂದು ನಕ್ಕಳು. ಆಮೇಲೆ, ‘ಅವ್ವ ಹೆಂಗವ್ರೆ?’ ಎಂದಳು. ಹೇಳಿದೆ. ಬಾಗಿಲಿನ ವಿಷಯವನ್ನೂ, ಬೆಟ್ಟ ಹತ್ತಿಸುವ ವಿಷಯವನ್ನೂ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ‘ಅವತ್ತು ನಮ್ಮಪ್ಪನ ಹಿಂದೆ ಒಂದು ಮಾತೂ ಹೇಳ್ದೆ ಬಂದ್ಬುಟ್ಟೆ. ಊರಿಗೆ ಹೋದಾಗ ಅವ್ವಂಗೆ ಹೇಳಿ ಸಾರ್, ಬರ್ತೀನಿ ಅಂದ್ಲು ಅಂತ.’

ಬೇಸಿಗೆ ರಜೆಗೆ ಮಧುಗಿರಿಗೆ ಹೋದವನು ಮೊದಲು ಹೋದದ್ದು ಅಲ್ಲಿಗೆ. ಸಣ್ಣಮ್ಮನವರಿಗೆ ಕಣ್ಣು ಮಂಜಾಗಿತ್ತು. ತೆರೆದ ಹಿಂದಿನ ಬಾಗಿಲ ಹತ್ತಿರ, ಅಂಚು ಸುಟ್ಟ ಅದೇ ಕಂಬಳಿಯ ಮೇಲೆ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಮಗು ದೀಪ ಊದಿದ್ದನ್ನು ಇನ್ನೊಂದು ಸಲ ಹೇಳಿಸಿಕೊಂಡು ಕೇಳಿದರು. ಕೊನೆಗೆ ಅವಳು ಹೇಳಿಕಳಿಸಿದ ಮಾತನ್ನೂ ಹೇಳಿದೆ.

‘ಬರ್ತೀನಿ ಅಂದ್ಲಾ?’

‘ಅಂದಳು.’

‘ಯಾವ ಬರ್ತೀನಿ ಮೇಷ್ಟ್ರೇ? ಹೊಂಟು ನಿಂತಾಗ ಅಂತೀವಲ್ಲ, ಅದಾ? ಇಲ್ಲಾ ದಿಟದ್ದಾ?’

ಅಂದು ಹೇಳದೆ ಉಳಿದದ್ದನ್ನು ಇಂದು ಹೇಳಿ ಮುಗಿಸಿದಳೋ, ನಿಜವಾಗಿಯೂ ಬರುವವಳಿದ್ದಾಳೋ, ಅವಳನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಮಾತು ಇಟ್ಟುಕೊಂಡ ಜನ ನಾವು. ಒಳ್ಳೆಯದಾಗಲಿ ಎಂದೇ ಇಟ್ಟುಕೊಂಡದ್ದು, ಬಚ್ಚಲನ್ನೂ ಒಳ್ಳೆಯದಾಗಲಿ ಎಂದೇ ಕಟ್ಟಿಸಿದ ಹಾಗೆ.

ಹೊರಡುವ ಹೊತ್ತಾಯಿತು. ಎದ್ದು ನಿಂತವನ ನಾಲಿಗೆಗೆ ಬಂದದ್ದು ಆ ಮಾತೇ. ಹೇಳಲು ಹೆದರಿಕೆಯಾಗಿ, ಸುಮ್ಮನೆ ಕೈಮುಗಿದು, ಅದೇ ಒಂಬತ್ತನೆಯ ಬಾಗಿಲಿನಿಂದ ಓಣಿಗೆ ಇಳಿದೆ. ಅಭ್ಯಾಸಬಲದಿಂದ ಬಾಗಿಲು ಎಳೆದುಕೊಳ್ಳಲು ಹೋದೆ.

‘ಮುಂದಕ್ಕೆ ಹಾಕ್ಬ್ಯಾಡಿ ಮೇಷ್ಟ್ರೇ’ ಎಂದರು ಸಣ್ಣಮ್ಮನವರು ಒಳಗಿನಿಂದ. ‘ದಿಟದ್ದೇ ಆಗಿದ್ರೆ?’